ಕಾಲೇಜು ಲ್ಯಾಬಿನಲ್ಲೇ ಕ್ವಾಂಟಮ್ ಡಾಟ್: ಜಿಂಕ್ ಆಕ್ಸೈಡ್ ನ್ಯಾನೊ ಹರಳು ತಯಾರಿಸಿ, ಅದರ ಬೆಳಕನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಅಲೆಕ್ಸಿ ಎಕಿಮೊವ್, ಲೂಯಿಸ್ ಬ್ರಸ್, ಮೌಂಗಿ ಬವೆಂಡಿ ಅವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದ ಮೇಲೆ ಪದವಿ ಕಾಲೇಜುಗಳಲ್ಲೂ ಕ್ವಾಂಟಮ್ ಡಾಟ್, ಅಂದರೆ ಗಾತ್ರಕ್ಕೆ ತಕ್ಕಂತೆ ಬೆಳಕಿನ ಬಣ್ಣ ಬದಲಿಸುವ ಕೆಲವೇ ನ್ಯಾನೊಮೀಟರಿನ ಅರೆವಾಹಕ ಹರಳಿನ ಮಾತು ಶುರುವಾಗಿದೆ. ಪ್ರಾಜೆಕ್ಟ್ ಮಾಡಲು ಹೊರಟವರು ಮೊದಲು ಹುಡುಕುವುದು ಕ್ಯಾಡ್ಮಿಯಂ ಸೆಲೆನೈಡನ್ನೇ. ಅದು ಬೇಡ. ಬವೆಂಡಿ ತಂಡ 1993ರಲ್ಲಿ ಪ್ರಕಟಿಸಿದ ವಿಧಾನಕ್ಕೆ 300 ಡಿಗ್ರಿ ಆಸುಪಾಸಿನಲ್ಲಿ ಕಾದ ದ್ರಾವಕ, ಗಾಳಿ ತಾಗದ ಜೋಡಣೆ, ವಿಷಕಾರಿ ಕ್ಯಾಡ್ಮಿಯಂ ಸಂಯುಕ್ತ ಎಲ್ಲವೂ ಬೇಕು. ಮೈಸೂರಿನಲ್ಲೋ ಮಂಡ್ಯದಲ್ಲೋ ಇರುವ ಸಾಧಾರಣ ರಸಾಯನಶಾಸ್ತ್ರದ ಲ್ಯಾಬಿಗೆ ಹೊಂದುವ ವಸ್ತು ಜಿಂಕ್ ಆಕ್ಸೈಡ್, ಅಂದರೆ ಕ್ಯಾಲಮೈನ್ ಲೋಷನ್ನಿನಲ್ಲಿರುವ ಅದೇ ಬಿಳಿ ಪುಡಿ. ಅದನ್ನು ಮೂರ್ನಾಲ್ಕು ನ್ಯಾನೊಮೀಟರ್ ಗಾತ್ರದ ಹರಳಾಗಿ ಎಥನಾಲಿನಲ್ಲಿ ತೇಲಿಸಿದರೆ ದ್ರಾವಣ ನೀರಿನಷ್ಟು ತಿಳಿಯಾಗಿ ಕಾಣುತ್ತದೆ, ಯುವಿ (ನೇರಳಾತೀತ) ಬೆಳಕು ಬಿದ್ದರೆ ಹಸಿರಾಗಿ, ಹರಳು ಬೆಳೆದಂತೆ ಹಳದಿಯಾಗಿ ಹೊಳೆಯುತ್ತದೆ.

ಈ ಪ್ರಯೋಗ ಕೈಕೊಡುವುದು ಹೆಚ್ಚಾಗಿ ಎರಡು ಕಡೆ: ಎಥನಾಲಿನಲ್ಲಿ ಅಡಗಿರುವ ನೀರು ಮತ್ತು ತಪ್ಪು ಟಾರ್ಚ್. ಉಳಿದದ್ದೆಲ್ಲ ತಾಳ್ಮೆಯಿದ್ದರೆ ಆಗುವ ಕೆಲಸ. ಆದ್ದರಿಂದ ಈ ಎರಡರ ಬಗ್ಗೆ ಕೆಳಗೆ ಸ್ವಲ್ಪ ಹೆಚ್ಚೇ ಬರೆದಿದ್ದೇವೆ.

ಹರಳು ಹೊಳೆಯುವುದು ಯಾಕೆ

ಅರೆವಾಹಕದ ಹರಳಿಗೆ ಬೆಳಕು ಬಿದ್ದಾಗ ಒಂದು ಇಲೆಕ್ಟ್ರಾನ್ ಮೇಲಿನ ಪಟ್ಟಿಗೆ ಏರುತ್ತದೆ, ಕೆಳಗೆ ಒಂದು ರಂಧ್ರ ಉಳಿಯುತ್ತದೆ. ಎರಡೂ ಮತ್ತೆ ಸೇರಿದಾಗ ಬೆಳಕು ಹೊರಡುತ್ತದೆ. ದೊಡ್ಡ ಜಿಂಕ್ ಆಕ್ಸೈಡ್ ಹರಳಿನಲ್ಲಿ ಈ ಎರಡು ಪಟ್ಟಿಗಳ ನಡುವಿನ ಅಂತರ, ಅಂದರೆ ಬ್ಯಾಂಡ್ ಗ್ಯಾಪ್, ಸುಮಾರು 3.37 ಇಲೆಕ್ಟ್ರಾನ್ ವೋಲ್ಟ್. ತರಂಗಾಂತರದ ಲೆಕ್ಕದಲ್ಲಿ ಅದು 368 ನ್ಯಾನೊಮೀಟರ್. ಹರಳಿನ ಗಾತ್ರ ಆರೇಳು ನ್ಯಾನೊಮೀಟರಿಗಿಂತ ಕೆಳಗಿಳಿದರೆ ಇಲೆಕ್ಟ್ರಾನಿಗೂ ರಂಧ್ರಕ್ಕೂ ಜಾಗ ಸಾಲದೆ ಅಂತರ ಹಿಗ್ಗುತ್ತದೆ. ಬೆಳಕು ಹೀರಿಕೊಳ್ಳುವ ಅಂಚು ಯುವಿಯ ಒಳಕ್ಕೆ ಸರಿಯುತ್ತದೆ.

ಇಲ್ಲಿ ಕ್ಯಾಡ್ಮಿಯಂ ಸೆಲೆನೈಡಿಗೂ ಜಿಂಕ್ ಆಕ್ಸೈಡಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅದನ್ನು ಬಿಟ್ಟು ಬರೆದ ಪ್ರಾಜೆಕ್ಟ್ ವರದಿಗಳು ದಾರಿ ತಪ್ಪುತ್ತವೆ. ಜಿಂಕ್ ಆಕ್ಸೈಡ್ ಎರಡು ಬಗೆಯ ಬೆಳಕು ಕೊಡುತ್ತದೆ. ಒಂದು, ಇಲೆಕ್ಟ್ರಾನು ರಂಧ್ರ ನೇರವಾಗಿ ಸೇರಿದಾಗ ಬರುವ ಯುವಿ ಬೆಳಕು. ಇದು 350ರಿಂದ 385 ನ್ಯಾನೊಮೀಟರ್ ಆಸುಪಾಸು, ಕಣ್ಣಿಗೆ ಕಾಣದು. ಇನ್ನೊಂದು, 500ರಿಂದ 560 ನ್ಯಾನೊಮೀಟರ್ ಸುತ್ತ ಅಗಲವಾಗಿ ಹಬ್ಬಿದ ಹಸಿರು-ಹಳದಿ ಬೆಳಕು. ಕಣ್ಣಿಗೆ ಕಾಣುವುದು ಎರಡನೆಯದು. ರಂಧ್ರ ಹರಳಿನ ಮೇಲ್ಮೈಯಲ್ಲಿ ಸಿಕ್ಕಿಬಿದ್ದು ಆಳದ ದೋಷಸ್ಥಾನವೊಂದರಲ್ಲಿ ಕೂತಾಗ, ಇಲೆಕ್ಟ್ರಾನ್ ಅದರೊಂದಿಗೆ ಸೇರಿ ಈ ಬೆಳಕು ಬರುತ್ತದೆ. ಹಾಗಾಗಿ ಹಸಿರು ಹೊಳಪಿನ ತರಂಗಾಂತರವನ್ನು ಬ್ಯಾಂಡ್ ಗ್ಯಾಪ್ ಎಂದು ಬರೆಯಬಾರದು. 540 ನ್ಯಾನೊಮೀಟರ್ ಅಂದರೆ 2.30 ಇಲೆಕ್ಟ್ರಾನ್ ವೋಲ್ಟ್. ಹರಳಿನ ಗ್ಯಾಪ್ ಅದಕ್ಕಿಂತ ಒಂದು ಇಲೆಕ್ಟ್ರಾನ್ ವೋಲ್ಟಿಗೂ ಮೇಲೆ ಇರುತ್ತದೆ. ಗಾತ್ರ ತಿಳಿಯಬೇಕಾದರೆ ಹೀರುವಿಕೆಯನ್ನು ಅಳೆಯಿರಿ, ಮೇಲ್ಮೈಯ ಸ್ಥಿತಿ ತಿಳಿಯಬೇಕಾದರೆ ಹೊಳಪನ್ನು ಅಳೆಯಿರಿ.

ಬೇಕಾದ ಸಾಮಾನು

100 ಮಿಲಿ ದ್ರಾವಣಕ್ಕೆ ಲೆಕ್ಕ ಹೀಗೆ:

- ಜಿಂಕ್ ಅಸಿಟೇಟ್ ಡೈಹೈಡ್ರೇಟ್ – 1.10 ಗ್ರಾಂ (5 ಮಿಲಿಮೋಲ್)
- ಲಿಥಿಯಂ ಹೈಡ್ರಾಕ್ಸೈಡ್ ಮೊನೊಹೈಡ್ರೇಟ್ – 0.29 ಗ್ರಾಂ (7 ಮಿಲಿಮೋಲ್)
- ಅಬ್ಸಲ್ಯೂಟ್ ಎಥನಾಲ್ – 100 ಮಿಲಿ. ಅಳತೆಗೆ, ತೊಳೆಯಲು ಇನ್ನೂ 300 ಮಿಲಿ ಇಟ್ಟುಕೊಳ್ಳಿ
- ಹೆಪ್ಟೇನ್ ಅಥವಾ ಹೆಕ್ಸೇನ್ – 100 ಮಿಲಿ (ಹರಳನ್ನು ತೊಳೆಯುವುದಾದರೆ ಮಾತ್ರ)
- 250 ಮಿಲಿ ರೌಂಡ್ ಬಾಟಮ್ ಫ್ಲಾಸ್ಕ್, ಕಂಡೆನ್ಸರ್, ಹೀಟಿಂಗ್ ಮ್ಯಾಂಟಲ್ ಅಥವಾ ಹಾಟ್ ಪ್ಲೇಟ್ ಮೇಲಿನ ನೀರಿನ ತೊಟ್ಟಿ, ಮ್ಯಾಗ್ನೆಟಿಕ್ ಸ್ಟಿರರ್, 50 ಮಿಲಿ ಬ್ಯೂರೆಟ್, ಥರ್ಮಾಮೀಟರ್
- ಐಸ್ ಎರಡು ಕಿಲೋ. ಲ್ಯಾಬಿನ ಫ್ರಿಜ್ಜಿನ ಟ್ರೇ ಸಾಲುವುದಿಲ್ಲ, ಮೀನಂಗಡಿಗೆ ಐಸ್ ಹಾಕುವವರಲ್ಲಿ ಕೇಳಿ
- ಕ್ವಾರ್ಟ್ಸ್ ಕ್ಯುವೆಟ್ (ದ್ರಾವಣ ತುಂಬಿ ಅಳೆಯುವ ಉಪಕರಣದೊಳಗೆ ಇಡುವ ಪುಟ್ಟ ಚೌಕ ಪಾತ್ರೆ) ಎರಡು. ಅದರಲ್ಲಿ ಒಂದು ನಾಲ್ಕೂ ಕಡೆ ನಯವಾದದ್ದಾಗಿರಬೇಕು

ಎಥನಾಲ್ ವಿಷಯ. ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ಇಳಿಸುವ ಸೀಮೆಯಲ್ಲಿದ್ದರೂ ಒಂದು ಬಾಟಲಿ ಅಬ್ಸಲ್ಯೂಟ್ ಎಥನಾಲಿಗೆ ಕಾಲೇಜು ಅಬಕಾರಿ ಇಲಾಖೆಯ ಪರವಾನಗಿ ಹಿಡಿದೇ ಹೋಗಬೇಕು. ಪರವಾನಗಿ ಇರುವ ವಿಭಾಗದ ಹೆಸರಿನಲ್ಲಿ ಮೊದಲೇ ತರಿಸಿಡಿ. ಸಿಗಲಿಲ್ಲವೆಂದು ರೆಕ್ಟಿಫೈಡ್ ಸ್ಪಿರಿಟ್ಟನ್ನು ಹಾಗೇ ಸುರಿಯಬೇಡಿ. ಅದರಲ್ಲಿ ನೂರಕ್ಕೆ ನಾಲ್ಕೈದು ಭಾಗ ನೀರು. ನೀರಿದ್ದರೆ ಹರಳು ಅತಿ ಬೇಗ ಬೆಳೆಯುತ್ತದೆ, ಹೊಳಪು ಮಂಕಾಗುತ್ತದೆ, ಹೆಚ್ಚಾದರೆ ಬಿಳಿ ಗಸಿ ತಳ ಸೇರುತ್ತದೆ. ಬಾಟಲಿ ತೆರೆದು ತಿಂಗಳುಗಟ್ಟಲೆ ಇಟ್ಟ ಅಬ್ಸಲ್ಯೂಟ್ ಎಥನಾಲ್ ಕೂಡ ಮಳೆಗಾಲದ ಗಾಳಿಯಿಂದ ತೇವ ಹೀರಿರುತ್ತದೆ. ಸುಲಭ ಪರೀಕ್ಷೆ: ಮೈಲುತುತ್ತವನ್ನು ಬಾಣಲೆಯಲ್ಲಿ ಬಿಳಿಯಾಗುವವರೆಗೆ ಹುರಿದು, ಆರಿಸಿ, ಚಿಟಿಕೆಯಷ್ಟನ್ನು 5 ಮಿಲಿ ಎಥನಾಲಿಗೆ ಹಾಕಿ. ನೀಲಿಗೆ ತಿರುಗಿದರೆ ನೀರಿದೆ. ಅಂಥದ್ದನ್ನು ನೀರು ಹೀರುವ 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ ಮಣಿಗಳ ಮೇಲೆ ಒಂದು ದಿನ ಇಡಿ. 100 ಮಿಲಿಗೆ 10 ಗ್ರಾಂ ಸೀವ್ ಸಾಕು. ಸೀವನ್ನು ಮೊದಲು ಫರ್ನೇಸಿನಲ್ಲಿ 300 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಕಾಯಿಸಿ, ಮುಚ್ಚಿ ಆರಿಸಿಕೊಂಡಿರಬೇಕು.

ಲಿಥಿಯಂ ಹೈಡ್ರಾಕ್ಸೈಡಿನ ಶತ್ರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್. ಹಳೇ ಬಾಟಲಿಯ ಪುಡಿ ಅರೆಬರೆ ಕಾರ್ಬೊನೇಟ್ ಆಗಿರುತ್ತದೆ. ಲಿಥಿಯಂ ಕಾರ್ಬೊನೇಟ್ ಎಥನಾಲಿನಲ್ಲಿ ಕರಗದು. ಎಷ್ಟು ಕಲಕಿದರೂ ತಳದಲ್ಲಿ ಬಿಳಿ ಪುಡಿ ಗಣನೀಯವಾಗಿ ಉಳಿದರೆ ಬಾಟಲಿ ಬದಲಿಸಿ. ಸೋಡಿಯಂ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿದರೂ ಹರಳು ಬರುತ್ತದೆ. ಆದರೆ ಲಿಥಿಯಂ ಇದ್ದಾಗ ಹರಳು ನಿಧಾನವಾಗಿ ಬೆಳೆದು ಸಣ್ಣದಾಗಿ ಉಳಿಯುತ್ತದೆ, ಹೊಳಪೂ ಹೆಚ್ಚು. ಮೊದಲ ಸಲ ಮಾಡುವವರಿಗೆ ಲಿಥಿಯಮ್ಮೇ ಸರಿ.

ಟಾರ್ಚ್ ಕೊಳ್ಳುವ ಮುಂಚೆ

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ನೋಟು ನೋಡುವ ಯುವಿ ಟಾರ್ಚ್‌ಗಳಲ್ಲಿ ಬಹುಪಾಲು 395 ನ್ಯಾನೊಮೀಟರಿನವು. ಜಿಂಕ್ ಆಕ್ಸೈಡ್ 395ರ ಬೆಳಕನ್ನು ಹೀರುವುದೇ ಇಲ್ಲ. ದ್ರಾವಣ ಎಷ್ಟೇ ಚೆನ್ನಾಗಿ ಬಂದಿದ್ದರೂ ನೇರಳೆ ಬಣ್ಣ ಆಚೆ ಹಾದುಹೋಗುತ್ತದೆ ಅಷ್ಟೆ. ಪ್ರಯೋಗ ಕೆಟ್ಟಿತೆಂದು ಚೆಲ್ಲಿದ ಎಷ್ಟೋ ಬೀಕರುಗಳಲ್ಲಿ ಒಳ್ಳೆಯ ಹರಳೇ ಇದ್ದಿರಬಹುದು. ಕೊಳ್ಳುವಾಗ 365 ನ್ಯಾನೊಮೀಟರ್ ಎಂದು ಕೇಳಿ, ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವುದನ್ನೇ ಆರಿಸಿ. ಪರೀಕ್ಷೆಗೆ ಟಾನಿಕ್ ವಾಟರ್ ಒಳ್ಳೆಯದು. ಅದರಲ್ಲಿರುವ ಕ್ವಿನೈನ್ 365ಕ್ಕೆ ಗಾಢ ನೀಲಿಯಾಗಿ ಹೊಳೆಯುತ್ತದೆ, 395ಕ್ಕೆ ಮಂಕಾಗುತ್ತದೆ. ನೋಟಿನ ದಾರ, ಬಿಳಿ ಕಾಗದ ಎರಡಕ್ಕೂ ಹೊಳೆಯುವುದರಿಂದ ಅವನ್ನು ನಂಬಬೇಡಿ.

365 ಸಿಕ್ಕಿತೆಂದರೆ ಎಲ್ಲ ಮುಗಿಯಲಿಲ್ಲ. ಆಗ ತಾನೇ ತಯಾರಾದ 3 ನ್ಯಾನೊಮೀಟರ್ ಹರಳಿನ ಹೀರುವಿಕೆಯ ಅಂಚು 340ರ ಹತ್ತಿರ ಇರುತ್ತದೆ. 365ರ ಬೆಳಕು ಅದರ ಬಾಲವನ್ನಷ್ಟೇ ತಾಗುತ್ತದೆ. ಹೊಳಪು ಮಂಕಾಗಿ ಕಂಡರೆ ಗಾಬರಿ ಬೇಡ. ಹರಳು ನಾಲ್ಕು ನ್ಯಾನೊಮೀಟರ್ ದಾಟಿದ ಮೇಲೆ ಅದೇ ಟಾರ್ಚಿಗೆ ಜೋರಾಗಿ ಹೊಳೆಯುತ್ತದೆ. ಟಿಎಲ್‌ಸಿ (ಥಿನ್ ಲೇಯರ್ ಕ್ರೊಮಟೊಗ್ರಫಿ) ಪ್ಲೇಟ್ ನೋಡುವ ಯುವಿ ಪೆಟ್ಟಿಗೆ ಲ್ಯಾಬಿನಲ್ಲಿದ್ದರೆ ಅದರ 254 ನ್ಯಾನೊಮೀಟರ್ ದೀಪ ಬಳಸಿ. ಆದರೆ ಗಾಜು 254ನ್ನು ಒಳಗೆ ಬಿಡುವುದಿಲ್ಲ. ಬೀಕರಿನ ಪಕ್ಕದಿಂದ ಹಾಕಿದರೆ ಏನೂ ಕಾಣದು. ವಾಚ್ ಗ್ಲಾಸಿನಲ್ಲಿ ಸ್ವಲ್ಪ ದ್ರಾವಣ ಹಾಕಿ ಮೇಲಿನಿಂದ ಬೆಳಕು ಬೀಳುವಂತೆ ಇಡಿ, ಇಲ್ಲವೇ ಕ್ವಾರ್ಟ್ಸ್ ಕ್ಯುವೆಟ್ ಬಳಸಿ. ಎರಡೂ ದೀಪ ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು. ಯುವಿ ತಡೆಯುವ ಪಾಲಿಕಾರ್ಬೊನೇಟ್ ಕನ್ನಡಕ, ಗ್ಲೌಸ್ ಇಲ್ಲದೆ ಹಚ್ಚಬೇಡಿ.

ಹರಳು ತಯಾರಿಸುವುದು

ಇಲ್ಲಿ ಕೊಡುವ ಪ್ರಮಾಣ ಮ್ಯೂಲೆನ್‌ಕಾಂಪ್ ಎಂಬ ಸಂಶೋಧಕರು 1998ರಲ್ಲಿ ಸರಳಗೊಳಿಸಿದ ವಿಧಾನದ್ದು. ಅದಕ್ಕೂ ಮೊದಲು ಸ್ಪಾನ್ಹೆಲ್ ಮತ್ತು ಆಂಡರ್ಸನ್ 1991ರಲ್ಲಿ ಕೊಟ್ಟ ವಿಧಾನದಲ್ಲಿ ಎಥನಾಲನ್ನು ಗಂಟೆಗಟ್ಟಲೆ ಬಟ್ಟಿ ಇಳಿಸಬೇಕಿತ್ತು. ಆ ಹಂತ ಇಲ್ಲಿ ಬೇಕಿಲ್ಲ.

1. ಫ್ಲಾಸ್ಕಿನಲ್ಲಿ 50 ಮಿಲಿ ಎಥನಾಲ್, 1.10 ಗ್ರಾಂ ಜಿಂಕ್ ಅಸಿಟೇಟ್ ಹಾಕಿ, ಕಂಡೆನ್ಸರ್ ಕೂರಿಸಿ, ಕಲಕುತ್ತ ಕುದಿಸಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಎಥನಾಲ್ ಪುಸ್ತಕದ 78ಕ್ಕೆ ಬದಲು 76 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹತ್ತು ಹದಿನೈದು ನಿಮಿಷದಲ್ಲಿ ದ್ರಾವಣ ಪೂರ್ತಿ ತಿಳಿಯಾಗಬೇಕು. ಬನ್ಸನ್ ಬರ್ನರ್ ಹಚ್ಚಲೇಬೇಡಿ, ಎಥನಾಲಿನ ಆವಿಗೆ ಬೆಂಕಿ ಹತ್ತುತ್ತದೆ. ನಲ್ಲಿಯಲ್ಲಿ ನೀರಿನ ರಭಸ ಇಲ್ಲದ ಲ್ಯಾಬಾದರೆ ಬಕೆಟ್ಟಿನಲ್ಲಿ ಏರ್ ಕೂಲರಿನ ಸಣ್ಣ ಪಂಪ್ ಮುಳುಗಿಸಿ ಕಂಡೆನ್ಸರಿಗೆ ನೀರು ಸುತ್ತಿಸಬಹುದು.

2. ಬಿಸಿ ಆರಿಸಿ, ಮುಚ್ಚಿ, ಐಸಿನಲ್ಲಿಟ್ಟು 0 ಡಿಗ್ರಿಗೆ ತನ್ನಿ. ತಣಿಯುತ್ತಿದ್ದಂತೆ ಬಿಳಿ ಪುಡಿ ಬೀಳುತ್ತದೆ. ಅದು ಬೀಳಲೇಬೇಕು, ಸೋಸಿ ತೆಗೆಯಬೇಡಿ.

3. ಇನ್ನೊಂದು ಬೀಕರಿನಲ್ಲಿ 50 ಮಿಲಿ ಎಥನಾಲಿಗೆ 0.29 ಗ್ರಾಂ ಲಿಥಿಯಂ ಹೈಡ್ರಾಕ್ಸೈಡ್ ಹಾಕಿ. ಇದು ಹಟಮಾರಿ. ಅಲ್ಟ್ರಾಸಾನಿಕ್ ಬಾತ್ ಇದ್ದರೆ 15-20 ನಿಮಿಷ. ಇಲ್ಲದಿದ್ದರೆ ಮುಚ್ಚಳ ಹಾಕಿ 45 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ. ದೊಡ್ಡ ಕಣಗಳನ್ನು ಮೊದಲೇ ಒರಳಿನಲ್ಲಿ ಅರೆದುಕೊಂಡರೆ ಬೇಗ ಕರಗುತ್ತದೆ. ಅರೆಯುವಾಗ ಮಾಸ್ಕ್ ಇರಲಿ, ಧೂಳು ಮೂಗನ್ನು ಸುಡುತ್ತದೆ. ಕರಗಿದ ಮೇಲೆ ಇದನ್ನೂ 0 ಡಿಗ್ರಿಗೆ ಇಳಿಸಿ.

4. ಜಿಂಕ್ ಫ್ಲಾಸ್ಕನ್ನು ಐಸಿನಲ್ಲೇ ಇಟ್ಟು, ಜೋರಾಗಿ ಕಲಕುತ್ತ, ಲಿಥಿಯಂ ದ್ರಾವಣವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡಿ. 50 ಮಿಲಿಗೆ 20ರಿಂದ 30 ನಿಮಿಷ ಬೇಕು. ಮೂರನೇ ಒಂದು ಭಾಗ ಬೀಳುವಷ್ಟರಲ್ಲಿ ಬಿಳಿ ಗಸಿ ಕರಗಿ ದ್ರಾವಣ ತಿಳಿಯಾಗತೊಡಗುತ್ತದೆ. ಒಂದೇ ಸಲ ಸುರಿದರೆ ಬೀಳುವ ಜಾಗದಲ್ಲಿ ಕ್ಷಾರ ಹೆಚ್ಚಾಗಿ, ಚಿಕ್ಕ ದೊಡ್ಡ ಹರಳು ಬೆರೆತುಹೋಗುತ್ತವೆ. ನಡುವೆ ಕರೆಂಟ್ ಹೋಗಿ ಸ್ಟಿರರ್ ನಿಂತರೆ ಮೊದಲು ಬ್ಯೂರೆಟ್ ಮುಚ್ಚಿ, ಫ್ಲಾಸ್ಕನ್ನು ಕೈಯಲ್ಲಿ ಅಲ್ಲಾಡಿಸುತ್ತ ಇರಿ.

5. ಎಲ್ಲ ಬಿದ್ದ ಮೇಲೆ ಹತ್ತು ನಿಮಿಷ ಕಲಕಿ, ಗ್ಲಾಸ್ ಫೈಬರ್ ಫಿಲ್ಟರಿನಲ್ಲಿ ಸೋಸಿ. ತಿಳಿಯಾದ, ಬಣ್ಣವಿಲ್ಲದ ದ್ರಾವಣ ಸಿಗಬೇಕು. ಇದರಲ್ಲಿ ಜಿಂಕ್ ಲೀಟರಿಗೆ 0.05 ಮೋಲ್ ಇರುತ್ತದೆ. ಕೂಡಲೇ ಬಿಗಿಯಾಗಿ ಮುಚ್ಚಿ 4 ಡಿಗ್ರಿಗಿಂತ ಕೆಳಗೆ ಇಡಿ.

ಇಷ್ಟು ತಣ್ಣಗೆ ಯಾಕೆ? ಸಣ್ಣ ಹರಳು ಕರಗಿ ದೊಡ್ಡದರ ಮೇಲೆ ಕೂರುವ ಪ್ರಕ್ರಿಯೆ ಸದಾ ನಡೆಯುತ್ತಿರುತ್ತದೆ, ಬಿಸಿ ಹೆಚ್ಚಾದಷ್ಟೂ ವೇಗವಾಗಿ. ಏಪ್ರಿಲ್ ತಿಂಗಳಲ್ಲಿ ಮಂಡ್ಯದ ಲ್ಯಾಬಿನ ಮೇಜಿನ ಮೇಲೆ ಬಿಟ್ಟ ದ್ರಾವಣ ಸಂಜೆಗೆ ಬೆಳಗಿನದ್ದಾಗಿ ಉಳಿದಿರುವುದಿಲ್ಲ. ಅಳತೆಗೆಂದು ಮಂಡ್ಯದಿಂದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಒಯ್ಯುವುದಾದರೆ ದಾರಿ 45 ಕಿಲೋಮೀಟರೇ ಇರಬಹುದು, ಬಸ್ಸಿನ ಬಿಸಿಲಿಗೆ ಅಷ್ಟು ಹೊತ್ತು ಸಾಕು. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಅದರೊಳಗೆ ಸೀಸೆ ಇಟ್ಟು ಒಯ್ಯಿರಿ.

ಎಥನಾಲ್ ಸಿಗದೇ ಹೋದರೆ ಐಸೊಪ್ರೊಪನಾಲ್ ದಾರಿ ಇದೆ, ಪ್ರಮಾಣ ಮಾತ್ರ ಬೇರೆ. 92 ಮಿಲಿ ಒಣ ಐಸೊಪ್ರೊಪನಾಲಿನಲ್ಲಿ 0.022 ಗ್ರಾಂ ಜಿಂಕ್ ಅಸಿಟೇಟನ್ನು 50 ಡಿಗ್ರಿಯಲ್ಲಿ ಕರಗಿಸಿ 0 ಡಿಗ್ರಿಗೆ ತಣಿಸಿ. 100 ಮಿಲಿ ಐಸೊಪ್ರೊಪನಾಲಿನಲ್ಲಿ 0.08 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿದ ದ್ರಾವಣವನ್ನೂ ತಣಿಸಿ, ಅದರಿಂದ 8 ಮಿಲಿ ಸೇರಿಸಿ. ಆಮೇಲೆ 65 ಡಿಗ್ರಿಯಲ್ಲಿ ಇಟ್ಟು ಬೆಳೆಸಿ. ತುಂಬ ತೆಳು ದ್ರಾವಣವಾದ್ದರಿಂದ ಹೊಳಪು ಕಣ್ಣಿಗೆ ಅಷ್ಟು ಬೀಳದು, ಆದರೆ ಹೀರುವಿಕೆ ಅಳೆಯಲು ತೆಳುಗೊಳಿಸುವ ಕೆಲಸವೇ ಇಲ್ಲ.

ಬೆಳೆಸಿ ನೋಡುವುದು

ಬಣ್ಣ ಬದಲಾಗುವುದನ್ನು ನೋಡಲು ಐದು ಪರೀಕ್ಷಾ ನಳಿಕೆ ತೆಗೆದುಕೊಂಡು ಪ್ರತಿಯೊಂದಕ್ಕೂ 10 ಮಿಲಿ ದ್ರಾವಣ ಹಾಕಿ, ಸಡಿಲವಾಗಿ ಮುಚ್ಚಿ. ಒಂದನ್ನು ಐಸಿನಲ್ಲೇ ಬಿಡಿ. ಉಳಿದ ನಾಲ್ಕನ್ನು 60 ಡಿಗ್ರಿ ನೀರಿನ ತೊಟ್ಟಿಗೆ ಇಳಿಸಿ 10, 30, 60, 120ನೇ ನಿಮಿಷಕ್ಕೆ ಒಂದೊಂದನ್ನೇ ಎತ್ತಿ ಐಸಿಗೆ ಹಾಕಿ. ಕತ್ತಲೆಯಲ್ಲಿ ಒಟ್ಟಿಗೆ ಸಾಲಾಗಿ ನಿಲ್ಲಿಸಿ 365 ಟಾರ್ಚ್ ಬಿಟ್ಟರೆ ಎಡದಿಂದ ಬಲಕ್ಕೆ ನೀಲಿ ಮಿಶ್ರಿತ ಹಸಿರು, ಹಸಿರು, ಹಳದಿ ಹಸಿರು ಹೀಗೆ ಸರಿಯುವುದು ಕಾಣುತ್ತದೆ. ಟಾರ್ಚಿಗೆ ಬಲಗಡೆಯದು ಹೆಚ್ಚು ಹೊಳೆದಂತೆ ಕಂಡರೂ ಅದು 365ನ್ನು ಹೆಚ್ಚು ಹೀರುವುದರಿಂದ. ಹೀರಿದ ಪ್ರತಿ ಫೋಟಾನಿಗೆ ಎಷ್ಟು ಬೆಳಕು ಬಂತು ಎಂದು ಲೆಕ್ಕ ಹಾಕಿದರೆ ಸಣ್ಣ ಹರಳೇ ಮುಂದೆ. ಕಣ್ಣಳತೆಯ ಮೇಲೆ ತೀರ್ಮಾನ ಬರೆದುಬಿಡುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು.

ಪ್ರತಿ ನಳಿಕೆಯಲ್ಲಿರುವ ಹರಳಿನ ವ್ಯಾಸ ತಿಳಿದುಕೊಂಡು (ವಿಧಾನ ಮುಂದಿನ ಭಾಗದಲ್ಲಿದೆ) ಅದರ ಘನವನ್ನು ಕಾಲದ ಎದುರು ಗ್ರಾಫಿನಲ್ಲಿ ಹಾಕಿ. ಮೇಲೆ ಹೇಳಿದ ಕರಗಿ-ಕೂರುವ ಬೆಳವಣಿಗೆಯೇ ನಡೆದಿದ್ದರೆ ಬಿಂದುಗಳು ಸರಳರೇಖೆಯ ಹತ್ತಿರ ಬೀಳಬೇಕು.

ಹೀರುವಿಕೆಯಿಂದ ಗಾತ್ರ

0.1 ಮಿಲಿ ದ್ರಾವಣವನ್ನು ಒಣ ಎಥನಾಲಿನಲ್ಲಿ 10 ಮಿಲಿಗೆ ತೆಳುಗೊಳಿಸಿ. ನೀರಿನಿಂದಲ್ಲ. ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ, ಎಥನಾಲಿನಲ್ಲೇ ಬೇಸ್‌ಲೈನ್ ತೆಗೆದು 250ರಿಂದ 450 ನ್ಯಾನೊಮೀಟರ್‌ವರೆಗೆ ಸ್ಕ್ಯಾನ್ ಮಾಡಿ. ಹೀರುವಿಕೆ ಸುಮಾರು 0.4-0.5 ಬಂದರೆ ಎಲ್ಲ ಸರಿಯಿದೆ. ಸಾಧಾರಣ ಪ್ಲಾಸ್ಟಿಕ್ ಕ್ಯುವೆಟ್ ಬಳಸಿದರೆ 340ರ ಹತ್ತಿರ ಅದರದೇ ಗೋಡೆ ಎದ್ದು ನಿಂತು, ಹರಳಿನ ಅಂಚೆಂದು ತಪ್ಪು ತಿಳಿಯುವಂತಾಗುತ್ತದೆ. ಕ್ವಾರ್ಟ್ಸೇ ಬೇಕು. 400ರಿಂದ 450ರವರೆಗೆ ರೇಖೆ ಸೊನ್ನೆಗೆ ಅಂಟಿರಬೇಕು. ಅಲ್ಲಿಯೇ 0.05ಕ್ಕಿಂತ ಮೇಲಿದ್ದರೆ ಹರಳು ಗುಂಪುಗಟ್ಟಿ ಬೆಳಕು ಚದುರುತ್ತಿದೆ, ಆ ಸ್ಕ್ಯಾನಿನಿಂದ ಗಾತ್ರ ತೆಗೆಯಬೇಡಿ.

ರೇಖೆ ದೊಡ್ಡ ತರಂಗಾಂತರದ ಕಡೆಯಿಂದ ಏರಿ ಒಂದು ಭುಜದಂತೆ ನಿಲ್ಲುವ ಜಾಗ ಕಾಣುತ್ತದೆ. ಆ ಭುಜದ ಹೀರುವಿಕೆಯನ್ನು ಓದಿ, ಅದರ ಅರ್ಧದಷ್ಟು ಹೀರುವಿಕೆ ದೊಡ್ಡ ತರಂಗಾಂತರದ ಕಡೆ ಎಲ್ಲಿ ಬರುತ್ತದೋ ಆ ತರಂಗಾಂತರವನ್ನು 'ತ' ಎನ್ನಿ. ಹರಳಿನ ವ್ಯಾಸ ಆಂಗ್‌ಸ್ಟ್ರಾಮಿನಲ್ಲಿ (10 ಆಂಗ್‌ಸ್ಟ್ರಾಮ್ ಅಂದರೆ 1 ನ್ಯಾನೊಮೀಟರ್) 'ವ' ಆದರೆ, ಮ್ಯೂಲೆನ್‌ಕಾಂಪ್ ಕೊಟ್ಟ ಸೂತ್ರ ಇದು:

1240 ÷ ತ = 3.301 + 294.0 ÷ (ವ × ವ) + 1.09 ÷ ವ

ಬಿಡಿಸಿದರೆ ಬರುವ ಬೆಲೆಗಳು: 330ಕ್ಕೆ 2.7 ನ್ಯಾನೊಮೀಟರ್, 340ಕ್ಕೆ 3.1, 350ಕ್ಕೆ 3.7, 355ಕ್ಕೆ 4.2, 360ಕ್ಕೆ 4.9. ಸೂತ್ರ ನಂಬಲರ್ಹವಾಗುವುದು 2.5ರಿಂದ 6.5 ನ್ಯಾನೊಮೀಟರ್ ಒಳಗೆ. ಬೆಲೆಗಳು ಮೇಲೆ ಹೋದಂತೆ ಒತ್ತಾಗುವುದನ್ನು ಗಮನಿಸಿ: 355ರಿಂದ 360ಕ್ಕೆ ಐದೇ ನ್ಯಾನೊಮೀಟರ್ ಸರಿದರೂ ಗಾತ್ರ 0.7 ಏರುತ್ತದೆ. ದೊಡ್ಡ ಹರಳಿಗೆ ಸ್ಕ್ಯಾನ್ ಹೆಜ್ಜೆ 0.5 ನ್ಯಾನೊಮೀಟರ್ ಇರಲಿ. ಹರಳಿನ ಗಾತ್ರಕ್ಕೂ ಗ್ಯಾಪಿಗೂ ನಂಟು ಕೊಡುವ ಬ್ರಸ್ ಸಮೀಕರಣ ಪಠ್ಯದಲ್ಲಿದೆ ಎಂದು ಅದನ್ನೇ ಹಾಕುವವರಿದ್ದಾರೆ. ತರಗತಿಗೆ ಅದು ಸರಿ. ಆದರೆ ತೀರಾ ಸಣ್ಣ ಹರಳಿನಲ್ಲಿ ಅದು ಗ್ಯಾಪನ್ನು ಹೆಚ್ಚಾಗಿ ತೋರಿಸುತ್ತದೆ. ಅಳತೆಗೆ ಮೇಲಿನ ಸೂತ್ರವೇ ವಾಸಿ.

ಹೊಳಪನ್ನು ಅಳೆಯುವುದು

ಪ್ರತಿದೀಪ್ತಿ ಅಳೆಯುವ ಉಪಕರಣಕ್ಕೆ ದ್ರಾವಣ ಇನ್ನೂ ತೆಳುವಾಗಿರಬೇಕು. 0.1 ಮಿಲಿಯನ್ನು 50 ಮಿಲಿಗೆ ತೆಳುಗೊಳಿಸಿ, ಪ್ರಚೋದಿಸುವ ತರಂಗಾಂತರದಲ್ಲಿ ಹೀರುವಿಕೆ 0.1 ದಾಟದಂತೆ ನೋಡಿಕೊಳ್ಳಿ. ಗಟ್ಟಿ ದ್ರಾವಣವಿಟ್ಟರೆ ಕ್ಯುವೆಟ್ಟಿನ ಮುಂಭಾಗದಲ್ಲೇ ಬೆಳಕೆಲ್ಲ ಹೀರಿಹೋಗಿ, ಡಿಟೆಕ್ಟರ್ ನೋಡುವ ಮಧ್ಯಭಾಗ ಕತ್ತಲಾಗಿರುತ್ತದೆ. ದ್ರಾವಣ ಗಟ್ಟಿಯಾದಷ್ಟೂ ಹೊಳಪು ಕಡಿಮೆಯಾಯಿತು ಎಂಬ ವಿಚಿತ್ರ ಫಲಿತಾಂಶ ಬರುವುದು ಹೀಗೆ.

325 ನ್ಯಾನೊಮೀಟರಿನಿಂದ ಪ್ರಚೋದಿಸಿ 340ರಿಂದ 700ರವರೆಗೆ ಸ್ಕ್ಯಾನ್ ಮಾಡಿ. ಈಗ ಬರುವ ಗ್ರಾಫಿನಲ್ಲಿ ನಾಲ್ಕು ಉಬ್ಬು ಕಾಣಬಹುದು, ಅವುಗಳಲ್ಲಿ ಎರಡು ಸುಳ್ಳು.

650ರಲ್ಲಿ ನಿಲ್ಲುವ ಚೂಪಾದ ಗೆರೆ ಪ್ರಚೋದಕ ಬೆಳಕಿನದೇ ಸೆಕೆಂಡ್ ಆರ್ಡರ್ ನೆರಳು, 325ರ ಸರಿಯಾಗಿ ಎರಡರಷ್ಟು. ಡಿಟೆಕ್ಟರಿನ ಮುಂದೆ 350 ನ್ಯಾನೊಮೀಟರಿಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಇಟ್ಟರೆ ಮಾಯವಾಗುತ್ತದೆ. ಅದಕ್ಕಿಂತ ಮೋಸದ್ದು 359ರ ಹತ್ತಿರದ ಸಣ್ಣ ಉಬ್ಬು. ಅದು ಹರಳಿನ ಯುವಿ ಹೊಳಪು ಇರಬೇಕಾದ ಜಾಗದಲ್ಲೇ ಕೂರುತ್ತದೆ, ಆದರೆ ಎಥನಾಲಿನ ರಾಮನ್ ಚದುರಿಕೆ. ಇಂಗಾಲ-ಜಲಜನಕ ಬಂಧದ ಕಂಪನ ಸೆಂಟಿಮೀಟರಿಗೆ ಸುಮಾರು 2900 ಅಲೆಗಳಷ್ಟು. ಅಷ್ಟು ಶಕ್ತಿ ಕಳೆದುಕೊಂಡ 325ರ ಬೆಳಕು 359ಕ್ಕೆ ಬಂದು ಬೀಳುತ್ತದೆ. ಸರ್ ಸಿ.ವಿ. ರಾಮನ್ ಬದುಕಿ ಬಾಳಿದ ನಾಡಿನಲ್ಲಿ ಇದನ್ನು ಹರಳಿನ ಹೊಳಪೆಂದು ವರದಿ ಬರೆಯಬಾರದು. ಪತ್ತೆ ಸುಲಭ: ಪ್ರಚೋದನೆಯನ್ನು 320ಕ್ಕೆ ಬದಲಿಸಿ, ಉಬ್ಬು 353ಕ್ಕೆ ಸರಿಯುತ್ತದೆ. 330ಕ್ಕೆ ಬದಲಿಸಿದರೆ 365ಕ್ಕೆ. ಹರಳಿನ ನಿಜವಾದ ಬೆಳಕು ಹೀಗೆ ಹೆಜ್ಜೆಗೆ ಹೆಜ್ಜೆ ಹಿಂಬಾಲಿಸುವುದಿಲ್ಲ. ಬರೀ ಎಥನಾಲ್ ಇಟ್ಟು ಒಂದು ಸ್ಕ್ಯಾನ್ ತೆಗೆದು ಅದನ್ನು ಕಳೆಯುವುದು ಇನ್ನೂ ಒಳ್ಳೆಯದು.

ಉಳಿದದ್ದು ನಿಜ: ಯುವಿಯ ಕಿರಿದಾದ ಉಬ್ಬು, 500-560ರ ಅಗಲವಾದ ಉಬ್ಬು. ಐದು ನಳಿಕೆಗಳಿಗೂ ಎರಡನೆಯದರ ತುದಿಯನ್ನು ಓದಿ, ಇಲೆಕ್ಟ್ರಾನ್ ವೋಲ್ಟಿಗೆ ತಿರುಗಿಸಿ, ಹೀರುವಿಕೆಯ ಅಂಚಿನ ಎದುರು ಗ್ರಾಫಿನಲ್ಲಿ ಹಾಕಿ. ಗ್ಯಾಪ್ ಕುಗ್ಗಿದಂತೆ ಹೊಳಪಿನ ಶಕ್ತಿಯೂ ಇಳಿಯುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಅಲ್ಲ. ಹೊಳಪಿನಲ್ಲಿ ಪಾಲುಗೊಳ್ಳುವ ಇಲೆಕ್ಟ್ರಾನಿನ ಮಟ್ಟ ಗಾತ್ರದೊಂದಿಗೆ ಬದಲಾಗುತ್ತದೆ, ಆಳದಲ್ಲಿ ಸಿಕ್ಕಿಕೊಂಡ ರಂಧ್ರದ ಮಟ್ಟ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಈ ಪ್ರಯೋಗದಿಂದ ಸಿಗುವ ಅತ್ಯಂತ ಬೆಲೆಯುಳ್ಳ ಗ್ರಾಫ್ ಇದೇ.

ಒಂದು ಎಚ್ಚರಿಕೆ: ಬಿಗಿಯಾಗಿ ಮುಚ್ಚಿದ ಕ್ಯುವೆಟ್ಟನ್ನು ಯುವಿಯಲ್ಲಿ ಬಹಳ ಹೊತ್ತು ಬಿಟ್ಟರೆ ಒಳಗಿನ ಆಮ್ಲಜನಕ ಮುಗಿದು, ಹರಳಿನಲ್ಲಿ ಇಲೆಕ್ಟ್ರಾನುಗಳು ಕೂಡಿಕೊಳ್ಳುತ್ತವೆ. ಆಗ ಹಸಿರು ಬೆಳಕು ಇಳಿದು ಯುವಿ ಬೆಳಕು ಏರುತ್ತದೆ, ಹೀರುವಿಕೆಯ ಅಂಚೂ ಸ್ವಲ್ಪ ಸರಿಯುತ್ತದೆ. ಹರಳು ಹಾಳಾಗಿಲ್ಲ. ಮುಚ್ಚಳ ತೆರೆದು ಗಾಳಿಯಾಡಿಸಿ ಕುಲುಕಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಬೇಕೆಂದೇ ಮಾಡಿ ನೋಡಬಹುದಾದ ಪ್ರಯೋಗ ಇದು.

ಕ್ವಾಂಟಮ್ ಇಳುವರಿ (ಹೀರಿದ ಪ್ರತಿ ಫೋಟಾನಿಗೆ ಎಷ್ಟು ಬೆಳಕು ಬಂತು ಎಂಬ ಲೆಕ್ಕ) ಬೇಕಾದವರು ಲೀಟರಿಗೆ 0.5 ಮೋಲ್ ಗಂಧಕಾಮ್ಲದಲ್ಲಿ ಕರಗಿಸಿದ ಕ್ವಿನೈನ್ ಸಲ್ಫೇಟನ್ನು ಆಧಾರವಾಗಿ ಇಟ್ಟುಕೊಳ್ಳಿ, ಅದರ ಇಳುವರಿ 0.546. ಎರಡನ್ನೂ ಒಂದೇ ತರಂಗಾಂತರದಲ್ಲಿ, ಒಂದೇ ಸ್ಲಿಟ್ಟಿನಲ್ಲಿ ಪ್ರಚೋದಿಸಿ. ಹರಳಿನ ಹೊಳಪಿನ ಒಟ್ಟು ವಿಸ್ತೀರ್ಣವನ್ನು ಕ್ವಿನೈನಿನದರಿಂದ ಭಾಗಿಸಿ, ಕ್ವಿನೈನಿನ ಹೀರುವಿಕೆಯನ್ನು ಹರಳಿನದರಿಂದ ಭಾಗಿಸಿ, ಎರಡನ್ನೂ ಗುಣಿಸಿ. ಅದಕ್ಕೆ 0.546 ಮತ್ತು ವಕ್ರೀಭವನದ ತಿದ್ದುಪಡಿ 1.04 ಗುಣಿಸಿದರೆ ಆಯಿತು. ಈ 1.04 ಬಂದದ್ದು ಎಥನಾಲಿನ ವಕ್ರೀಭವನ ಸೂಚ್ಯಂಕ 1.361ನ್ನು ನೀರಿನ 1.333ರಿಂದ ಭಾಗಿಸಿ ವರ್ಗ ಮಾಡಿದ್ದರಿಂದ.

ತೊಳೆಯುವುದು, ಕೆಟ್ಟರೆ ನೋಡಬೇಕಾದದ್ದು

ಲಿಥಿಯಂ ಅಸಿಟೇಟ್ ಉಳಿಕೆ ತೆಗೆಯಬೇಕಾದರೆ 10 ಮಿಲಿ ದ್ರಾವಣಕ್ಕೆ 20 ಮಿಲಿ ಹೆಪ್ಟೇನ್ ಸೇರಿಸಿ. ಹರಳು ಬಿಳಿ ಮೋಡದಂತೆ ಇಳಿಯುತ್ತದೆ. ಇಳಿಯದಿದ್ದರೆ ಇನ್ನೂ 10-20 ಮಿಲಿ ಹಾಕಿ. ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನು ತ್ಯಾಜ್ಯದ ಬಾಟಲಿಗೆ ಬಗ್ಗಿಸಿ, ಒಣಗಲು ಬಿಡದೆ ತಕ್ಷಣ ಎಥನಾಲಿನಲ್ಲಿ ಕದಡಿ. ಎರಡು ಸಲ ಸಾಕು. ಅತಿಯಾಗಿ ತೊಳೆದರೆ ಹರಳಿನ ಮೈಮೇಲಿನ ಅಸಿಟೇಟ್ ಕಳಚಿಹೋಗಿ ಮತ್ತೆ ತೇಲುವುದೇ ಇಲ್ಲ. ಹೆಪ್ಟೇನ್ ಹಾಕಿದಾಗ ಎರಡು ಪದರವಾಗಿ ನಿಂತರೆ ಎಥನಾಲಿನಲ್ಲಿ ನೀರಿದೆ ಎಂದೇ ತಿಳಿಯಿರಿ.

ಲಿಥಿಯಂ ಎಲ್ಲ ಹಾಕಿದ ಮೇಲೂ ದ್ರಾವಣ ಹಾಲಿನಂತೆ ಉಳಿದರೆ ಕ್ಷಾರ ಸಾಲದು, ಅಂದರೆ ಹೈಡ್ರಾಕ್ಸೈಡ್ ಕಾರ್ಬೊನೇಟ್ ಆಗಿದೆ ಅಥವಾ ಪೂರ್ತಿ ಕರಗಿರಲಿಲ್ಲ. ತಿಳಿಯಾಗಿದ್ದು ಫ್ರಿಜ್ಜಿನಲ್ಲಿ ಒಂದೆರಡು ದಿನಕ್ಕೇ ಗಸಿ ಕಟ್ಟಿದರೆ ನೀರು. ತಿಳಿಯಾಗಿದೆ, ಹೀರುವಿಕೆಯ ಅಂಚೂ ಸರಿಯಿದೆ, ಹೊಳಪು ಮಾತ್ರ ಇಲ್ಲವೆಂದರೆ ಮೊದಲು ಟಾರ್ಚ್ ಬದಲಿಸಿ. ಆಮೇಲೂ ಇಲ್ಲದಿದ್ದರೆ ಪಾತ್ರೆಯಿಂದ ಬಂದ ಕಬ್ಬಿಣ, ತಾಮ್ರದ ಅಂಶವನ್ನು ಅನುಮಾನಿಸಿ. ಮೈಲುತುತ್ತ ಮುಟ್ಟಿದ ಸ್ಪ್ಯಾಚುಲಾವನ್ನೇ ಜಿಂಕ್ ಅಸಿಟೇಟಿಗೆ ಹಾಕಿದರೆ ಸಾಕು, ಹೊಳಪು ಸಾಯುತ್ತದೆ. ಫ್ಲಾಸ್ಕುಗಳನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಓವನ್ನಿನಲ್ಲಿ ಪೂರ್ತಿ ಒಣಗಿಸಿ. ಆಮ್ಲದ ಅಂಶ ಉಳಿದಿದ್ದರೆ ಜಿಂಕ್ ಆಕ್ಸೈಡೇ ಕರಗಿಹೋಗುತ್ತದೆ.

ಮುಗಿದ ದ್ರಾವಣವನ್ನು ಸಿಂಕಿಗೆ ಬಿಡಬೇಡಿ, ಜಿಂಕ್ ಜಲಚರಗಳಿಗೆ ವಿಷ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಕೂಡಿಡಿ, ಸ್ವಲ್ಪ ನೀರು ಹಾಕಿ ಎರಡು ದಿನ ಬಿಟ್ಟರೆ ಹರಳು ತಳ ಸೇರುತ್ತದೆ. ಮೇಲಿನ ಎಥನಾಲನ್ನು ದ್ರಾವಕ ತ್ಯಾಜ್ಯದ ಬಾಟಲಿಗೆ, ತಳದ ಗಸಿಯನ್ನು ಒಣಗಿಸಿ ಲೋಹ ತ್ಯಾಜ್ಯಕ್ಕೆ ಹಾಕಿ. ಹೆಪ್ಟೇನ್ ಬೆರೆತದ್ದಕ್ಕೆ ಬೇರೆಯದೇ ಬಾಟಲಿ ಇರಲಿ. ಫ್ರಿಜ್ಜಿನಲ್ಲಿಡುವ ಸೀಸೆಯ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ, ಅಳತೆ ಮಾಡಿದ ಹೊತ್ತನ್ನೂ ಸೇರಿಸಿ. ಬೆಳೆಯುತ್ತಲೇ ಇರುವ ಹರಳಿಗೆ ದಿನಾಂಕವೊಂದೇ ಸಾಲದು. ಸಾಧ್ಯವಾದರೆ ಲ್ಯಾಬಿನ ಎಥನಾಲ್ ಇಡುವ ಫ್ರಿಜ್ ಕಿಡಿ ಹಾರದ ಬಗೆಯದ್ದಾಗಿರಲಿ, ಮಾಮೂಲಿ ಫ್ರಿಜ್ಜೇ ಆದರೆ ಸೀಸೆಯ ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, 100 ಮಿಲಿಗಿಂತ ಹೆಚ್ಚು ಇಡಬೇಡಿ.